ದಿಬ್ಬ ಕಾಯುವ ತೋಟಪ್ಪ

ತೋಟಪ್ಪ ಯಾರನ್ನೂ ಸುಲಭವಾಗಿ ನಂಬುವುದಿಲ್ಲ. ಕಂಟ್ರಾಕ್ಟರ್ ರವಿಚಂದ್ರನನ್ನಂತೂ ಇಲ್ಲವೇ ಇಲ್ಲ. ಬಾಳ್ಳುಪೇಟೆಯಾಚೆ ಗುಡ್ಡ ಕಡಿದು ವಿಶ್ವವಿದ್ಯಾಲಯದ ಬೇಸ್‌ಬಾಲ್ ಕ್ರೀಡಾಂಗಣ ಮಾಡಿದಾಗ ಮಣ್ಣು ಹೊರಲು ಬಂದ ತೋಟಪ್ಪ, ಮೈದಾನ ನೋಡಿಕೊಳ್ಳುತ್ತ ಅಲ್ಲೇ ಉಳಿದ. ಆಟಗಾರರ ಹರಿದ ಗ್ಲೌಸ್ ಹೊಲಿದುಕೊಡುತ್ತಾನೆ; ಹೊಲಿಯುವ ಮೊದಲು ಹರಿದವರು ಯಾರೆಂದು ವಿಚಾರಣೆ.

ರವಿಚಂದ್ರ ಗುತ್ತಿಗೆ ಹಿಡಿದ ಮೊದಲ ನವೀಕರಣದಲ್ಲಿ ಗ್ಯಾಲರಿಗೆ ತಗಡಿನ ಸೂರು ಬಂತು. ಎರಡನೆಯದರಲ್ಲಿ ಬೇಲಿ, ಚರಂಡಿ. ಆ ಕೆಲಸ ಮುಗಿದ ಮೇಲೆ ಹುಲ್ಲಿನಲ್ಲಿ ಒಣಗಿದ ಕಾಫಿ ಹಣ್ಣು ಸಿಕ್ಕವು. ರವಿಚಂದ್ರನಿಗೆ ವನಗೂರಿನಲ್ಲಿ ಕಾಫಿ ಎಸ್ಟೇಟ್ ಇದೆ. ಕಾಫಿ ಒಣಗಿಸಲು, ರಜೆಯಲ್ಲಿ ಖಾಲಿ ಬಿದ್ದ, ಬಿಸಿಲಿರುವ ಸಮತಟ್ಟು ನೆಲ ಈ ಬೆಟ್ಟಗಳಲ್ಲಿ ಇನ್ನೆಲ್ಲಿ ಸಿಗುತ್ತದೆ?

ಈ ಜನವರಿಯಲ್ಲಿ ಮೂರನೆಯ ನವೀಕರಣ: ಒಳಮೈದಾನಕ್ಕೆ ಹೊಸ ಮಣ್ಣು. ಅದೂ ಕಾಫಿ ಕೊಯ್ಲಿನ ಕಾಲದಲ್ಲೇ ಏಕೆ? ಒಂದು ಬೆಳಿಗ್ಗೆ ತೋಟಪ್ಪ ಬಂದು ನೋಡಿದರೆ, ಚೆಂಡೆಸೆಯುವವರು ನಿಲ್ಲುವ ಹತ್ತಂಗುಲದ ದಿಬ್ಬವೇ ಇರಲಿಲ್ಲ. ನೆಲ ರೋಲರ್ ಹೊಡೆಸಿಕೊಂಡು ನುಣ್ಣಗಿತ್ತು. ಭಾನುವಾರ ಅಂತರಕಾಲೇಜು ಪಂದ್ಯ. ದಿಬ್ಬ ಸರಿಯಿಲ್ಲದಿದ್ದರೆ ಪಂದ್ಯ ಮೈಸೂರಿಗೆ ಹೋಗುತ್ತದೆಂದು ಕೋಚ್ ಚೈತ್ರಶ್ರೀ ಎಚ್ಚರಿಸಿದ್ದರು. ಒಮ್ಮೆ ಹೋದ ಪಂದ್ಯ ಮತ್ತೆ ಈ ಮೈದಾನಕ್ಕೆ ಬರುವುದಿಲ್ಲವೆಂಬುದು ತೋಟಪ್ಪನಿಗೆ ಗೊತ್ತು.

ಮೇಸ್ತ್ರಿ ಜವರಪ್ಪನನ್ನು ಹಿಡಿದು ನಿಲ್ಲಿಸಿದ. “ಯಾರು ಕೆಡವ್ಸಿದ್ದು? ರವಿಚಂದ್ರ ತಾನೆ?”

“ಯಾರೂ ಹೇಳ್ಲಿಲ್ಲ ಮಾರಾಯ. ಕಾಫಿ ಒಣಗ್ಸೋ ಕಣ ಮಾಡೇ ಬದುಕ್ದೋನು ನಾನು. ಕಣದ ನಡೂ ಮಧ್ಯ ಗುಡ್ಡೆ ಬುಟ್ರೆ ನಾಳೆ ಯಾವ ಎಸ್ಟೇಟ್‌ನೋರು ಕರೀತಾರೆ?”

“ಇದು ಕಣ ಅಂತ ಯಾರೋ ಅಂದಿದ್ದು ನಿಂಗೆ?”

“ಸಪಾಟಾಗೈತೆ, ಬಿಸ್ಲೈತೆ. ಆ ಗುಡ್ಡೆ ಮ್ಯಾಲೆ ಏನು ದೇವ್ರನ್ನ ಕೂರುಸ್ತೀಯಾ?”

ತೋಟಪ್ಪ ನಗಲಿಲ್ಲ. ಜವರಪ್ಪನ ಮಾತು ನಿಜವಿರಬಹುದು. ಯಾರಾದರೂ ಹೇಳಿಕೊಟ್ಟದ್ದೂ ಇರಬಹುದು.

ಮಧ್ಯಾಹ್ನ ರವಿಚಂದ್ರನೇ ಲಾರಿಯಲ್ಲಿ ಜೇಡಿಮಣ್ಣು ತಂದ. “ತಪ್ಪಾಗ್ಬುಟ್ಟೈತೆ ಕಣೋ, ನೀನೇ ನಿಂತು ಕಟ್ಸು.”

ಇಷ್ಟು ಬೇಗ ಒಪ್ಪಿಕೊಂಡದ್ದೇ ತೋಟಪ್ಪನಿಗೆ ಸರಿಕಾಣಲಿಲ್ಲ. ಹಿಡಿ ಮಣ್ಣನ್ನು ಉಂಡೆ ಕಟ್ಟಿ ಒತ್ತಿದ. ಒಡೆಯಲಿಲ್ಲ, ಒಳ್ಳೆಯ ಮಣ್ಣೇ. ಆದರೆ ಲಾರಿಯ ಮೂಲೆಯಲ್ಲಿ ಕಾಫಿ ಹರಡುವಂಥ ದೊಡ್ಡ ಟಾರ್ಪಾಲೂ ಇತ್ತು.

“ಇದ್ಯಾಕೆ?”

“ಮಂಜು ಬೀಳ್ತದಲ್ಲ, ದಿಬ್ಬ ಮುಚ್ಚಕ್ಕೆ.”

ದಿಬ್ಬ ಮುಚ್ಚಲು ಅದರ ಕಾಲುಭಾಗ ಸಾಕಿತ್ತು.

“ಮಣ್ಣು ಇಳ್ಸಿ ಸ್ವಾಮಿ. ಟಾರ್ಪಾಲು ತೋಟಕ್ಕೇ ತಗೊಂಡ್ಹೋಗಿ.”

ಸಂಜೆ ಚೈತ್ರಶ್ರೀ ಹೊಸ ದಿಬ್ಬಕ್ಕೆ ಅಳತೆಪಟ್ಟಿ ಹಿಡಿದು, ಪಂದ್ಯ ಇಲ್ಲೇ ಎಂದರು. ತೋಟಪ್ಪ ತಲೆಯಾಡಿಸಿದ. ಟಾರ್ಪಾಲು ಹೊತ್ತ ಲಾರಿ ಹೆದ್ದಾರಿಗೆ ತಿರುಗಿ ಮರೆಯಾಗುವವರೆಗೂ ನೋಡುತ್ತಿದ್ದು, ಆಮೇಲೆ ಗೇಟಿಗೆ ಬೀಗ ಹಾಕಿದ, ಎಳೆದು ನೋಡಿದ.