ದರೆಯ ಮೇಲಿನ ಐದು ಕೋಶ

ಚಿಟ್ಟೆ ಹುಡುಕುವವರ ಮೇಲೆ ನನಗಿದ್ದ ಗೌರವವೆಲ್ಲ ಬಸರೀಕಟ್ಟೆ ಹತ್ತಿರದ ಒಂದು ಹಳ್ಳದ ದಂಡೆಯಲ್ಲಿ ಒಂದೇ ಬೆಳಿಗ್ಗೆ ಹೋಯಿತು. ಜೀಪಿನಿಂದ ಇಳಿಯುವ ಮೊದಲೇ ಕೊಳೆತ ನಾತ ಮೂಗಿಗೆ ಹೊಡೆಯಿತು. ಏನೋ ಸತ್ತು ಬಿದ್ದಿದೆ ಅಂದುಕೊಂಡೆ. ಹೋಗಿ ನೋಡಿದರೆ ಮೊಳದುದ್ದದ ಕ್ಯಾಮೆರಾ ಹಿಡಿದ ಮೂವರು ಮರಳಿನ ಮೇಲೆ ಬೋರಲು ಮಲಗಿದ್ದಾರೆ. ಪಕ್ಕದ ಬಂಡೆಗೆ ಕೊಳೆತ ಏಡಿಯನ್ನು ಜಜ್ಜಿ ಬಳಿದಿದ್ದಾರೆ.

"ವಾಸನೆಗೆ ಬರ್ತವೆ ಸಾರ್," ಎಂದ ಅವರಲ್ಲೊಬ್ಬ, ಎದ್ದು ಮರಳು ಕೊಡವಿಕೊಳ್ಳುತ್ತ. "ಇನ್ನು ಕೆಲವಕ್ಕೆ ಉಪ್ಪು ಬೇಕು. ಅದಕ್ಕೆ ನಿನ್ನೆಯಿಂದ ನಾವು ಮೂರೂ ಜನ ಈ ಮರಳ ಮೇಲೇ ಉಚ್ಚೆ ಹೊಯ್ತಾ ಇದ್ದೀವಿ." ಇಷ್ಟು ಹೇಳಿ ಕೈಕುಲುಕಲು ಕೈ ಚಾಚಿದ. ಥೂ! ನಾನು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ.

ನಾನು ಅಲ್ಲಿಗೆ ಹೋಗಿದ್ದು ಅಕ್ಕನಿಗಾಗಿ, ಅವಳನ್ನೂ ಕರೆದುಕೊಂಡು. ಕೊಪ್ಪದ ಸುತ್ತಲಿನ ಶಾಲೆಗಳಲ್ಲಿ ಆಯುಷ್ಯವೆಲ್ಲ ಮೇಷ್ಟರಿಕೆ ಮಾಡಿದವಳು ಅವಳು. ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಪ್ರತಿವರ್ಷ ಬರೆದವಳು. ಆದರೆ ಕೋಶ ಒಡೆದು ಚಿಟ್ಟೆ ಹೊರಬರುವುದನ್ನು ತಾನು ಒಮ್ಮೆಯೂ ಕಂಡಿರಲಿಲ್ಲ. ಈಗ ಗ್ಲಾಕೋಮಾ. ಬಲಗಣ್ಣು ಹೋಗಿಯೇ ಬಿಟ್ಟಿದೆ. ಎಡಗಣ್ಣಿನಲ್ಲಿ ನಡುವೆ ಬಳೆಯಷ್ಟು ಜಾಗ ಮಾತ್ರ ಉಳಿದಿದೆ, ಅದೂ ಮುಂದಿನ ಮಳೆಗಾಲದವರೆಗೆ ಇರುತ್ತದೆಂದು ಡಾಕ್ಟರು ಹೇಳಲಿಲ್ಲ. ಹಾರುವ ಚಿಟ್ಟೆ ಅವಳ ಕಣ್ಣಿಗೆ ಸಿಕ್ಕುವುದಿಲ್ಲ. ಕೂತದ್ದು ಬೇಕು, ಹತ್ತಿರ ಬೇಕು.

ಅವಳಿಗೆ ಬೇಕಾಗಿದ್ದುದು ಮಲಬಾರ್ ಬ್ಯಾಂಡೆಡ್ ಪೀಕಾಕ್. ಕಪ್ಪು ರೆಕ್ಕೆಯ ನಡುವೆ ನವಿಲಿನ ಬಣ್ಣದ ಅಗಲ ಪಟ್ಟೆ. ನಮ್ಮ ಕಡೆ ಇದೆಯಂತೆ, ಆದರೆ ಕಂಡವರು ಅಪರೂಪ.

"ಅದೇ ಬೇಕಾ ಮೇಡಂಗೆ?" ಎಂದವನು ಒಂದು ಐಸ್ ಪೆಟ್ಟಿಗೆ ತೋರಿಸಿದ. "ಇದರೊಳಗಿದೆ. ಚಳಿಗೆ ಮರಗಟ್ಟಿರ್ತದೆ, ಹೂವಿನ ಮೇಲೆ ಕೂರಿಸಿ ಫೋಟೋ ತೆಗೀತೀವಿ. ಬೇಕಿದ್ರೆ ಅಂಗೈ ಮೇಲೆ ಇಡ್ತೀನಿ, ಹತ್ತು ನಿಮಿಷ ಅಲ್ಲಾಡಲ್ಲ."

ಮುಚ್ಚಳ ತೆಗೆದ. ಐಸಿನ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ರೆಕ್ಕೆ ಬಿಚ್ಚಿಕೊಂಡು ಅದು ಬಿದ್ದಿತ್ತು. ಡಬ್ಬಿಯ ಪಕ್ಕದಲ್ಲೇ ಅವರ ತಿಂಡಿಯ ಚಟ್ನಿ ಪೊಟ್ಟಣ.

"ನಾಚಿಕೆ ಆಗಲ್ವೇನ್ರೀ ನಿಮ್ಗೆ?" ಎಂದು ಕೂಗಿಯೇ ಬಿಟ್ಟೆ. "ಚಿಟ್ಟೆ ನೋಡೋರಂತೆ! ನಿಮಗಿಂತ ಆ ಏಡಿ ವಾಸಿ, ಸತ್ತ ಮೇಲಷ್ಟೇ ನಾರ್ತದೆ!" ಅಕ್ಕ ಅಂಗೈ ಚಾಚಿ ನಿಂತಿದ್ದಳು. ಅವಳ ಮೊಣಕೈ ಹಿಡಿದು ಜೀಪಿನವರೆಗೆ ಎಳೆದುಕೊಂಡು ಬಂದೆ.

ಶೃಂಗೇರಿ ಬರುವವರೆಗೂ ನನ್ನ ಬಾಯಿ ನಿಲ್ಲಲಿಲ್ಲ. ದಾರಿಯಲ್ಲಿ ಒಂದು ತಿರುವಿನಲ್ಲಿ ಯಾರೋ ಎಸೆದ ಬಿರಿಯಾನಿ ಡಬ್ಬಿಗಳ ರಾಶಿ, ಮಕ್ಕಳ ಡೈಪರು, ಅದರ ಮೇಲೆ ಹಳದಿ ಚಿಟ್ಟೆಗಳ ಹಿಂಡು. ಅವಕ್ಕೂ ಬೈದೆ. ಇಷ್ಟು ಚಂದದ ಜೀವಕ್ಕೆ ಕೂರಲು ಬೇರೆ ಜಾಗ ಸಿಕ್ಕಲಿಲ್ಲವೇ? ಮಠದಲ್ಲಿ ಊಟಕ್ಕೆ ಕೂತರೆ ಸಾರಿನಲ್ಲೂ ಏಡಿಯ ನಾತ ಬಂದಂತಾಗಿ ಅರ್ಧಕ್ಕೇ ಎದ್ದೆ. ಅಕ್ಕ ಪಾಯಸದವರೆಗೂ ಉಂಡಳು. ಕೈ ತೊಳೆಯುವಾಗ ಕೇಳಿದಳು:

"ಪಟ್ಟೆ ಹಸಿರಾ, ನೀಲಿಯಾ?"

"ನಾನು ನೋಡ್ಲಿಲ್ಲ," ಎಂದೆ. ನೋಡಿದ್ದೆ. ಅವಳಿಗೆ ಹೇಳಲು ಮನಸ್ಸಾಗಲಿಲ್ಲ, ಅಷ್ಟೇ.

"ಕೂತಿತ್ತಲ್ಲ ಮಾರಾಯ," ಎಂದಳು.

"ನಾಳೆ ನೋಡುವಿಯಂತೆ. ಮರ್ಯಾದೆಯಾಗಿ ನೋಡುವ."

ಆ ಧೈರ್ಯ ನನಗೆ ಸೀತೂರಿನಿಂದ ಬಂದದ್ದು. ಅಲ್ಲಿ ಅಕ್ಕನ ಹಳೆಯ ವಿದ್ಯಾರ್ಥಿಯೊಬ್ಬ ಗದ್ದೆ ಮಾಡಿಕೊಂಡಿದ್ದಾನೆ. ಅವನ ಕೊಟ್ಟಿಗೆಯ ಹಿಂದಿನ ದರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ ಮೇಲೆ, ಎಲೆ ಉಜ್ಜಿದರೆ ಘಮ್ಮೆನ್ನುವ ಒಂದು ಗಿಡ. ಅದರ ಎಲೆಯಡಿ ಐದು ಹಸಿರು ಕೋಶ ಕಂಡು ಫೋಟೋ ಕಳಿಸಿದ್ದ. ಬಲ್ಲವರಿಗೆ ತೋರಿಸಿದಾಗ ಅದೇ ಪೀಕಾಕ್ ಎಂದಿದ್ದರು. ಎರಡು ಕಪ್ಪಾಗುತ್ತಿವೆ, ಇನ್ನೆರಡು ದಿನಕ್ಕೆ ಒಡೆಯಬಹುದು ಎಂದು ಹಿಂದಿನ ದಿನವೇ ಅವನ ಫೋನು ಬಂದಿತ್ತು. ಏಡಿಯಿಲ್ಲ, ಉಚ್ಚೆಯಿಲ್ಲ, ಐಸಿಲ್ಲ. ಹೊಸ ಚಿಟ್ಟೆ ರೆಕ್ಕೆ ಒಣಗಿಸುತ್ತ ಒಂದು ಗಳಿಗೆಯಾದರೂ ಅಲ್ಲೇ ಕೂರುತ್ತದೆ. ಅಕ್ಕನ ಬಳೆಯಗಲದ ಕಣ್ಣಿಗೆ ಅಷ್ಟು ಸಾಕು.

ಶೃಂಗೇರಿಯಿಂದಲೇ ಅವನಿಗೆ ಫೋನು ಮಾಡಿದೆ. "ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೇವೆ. ಟೀಚರಿಗೆ ಕಣ್ಣು ಕಾಣಲ್ಲ, ಎಡವಿದರೆ ಕಷ್ಟ. ಇಂಬಳ ಹತ್ತಿ ರಕ್ತ ಹೀರಿದರೂ ಅವಳಿಗೆ ಗೊತ್ತಾಗಲ್ಲ, ಹೋದ ಸಲ ಕಾಲೆಲ್ಲ ರಕ್ತ. ಸ್ವಲ್ಪ ದಾರಿ ನೋಡ್ಕೋ ಮಾರಾಯ."

"ನೀವೆಂತಕ್ಕೆ ತಲೆಬಿಸಿ ಮಾಡ್ತೀರಿ? ನಾನಿದ್ದೇನೆ," ಎಂದ.

ಕೊಪ್ಪದ ಮನೆಗೆ ಹೋಗಿ ಮಲಗಿ, ಬೆಳಿಗ್ಗೆ ಬೇಗ ಹೊರಟೆವು. ಅಕ್ಕ ಮಡಿಸಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಸೀತೂರಿನಲ್ಲಿ ಜೀಪು ನಿಂತಾಗ ಪೆಟ್ರೋಲು ಮತ್ತು ಹಸಿ ಹುಲ್ಲಿನ ವಾಸನೆ ಒಟ್ಟಿಗೆ ಬಂತು.

ದಾರಿ ಕನ್ನಡಿಯಂತಿತ್ತು. ಎರಡೂ ಬದಿಯ ದರೆಯ ಹುಲ್ಲು ಗಿಡವನ್ನೆಲ್ಲ ಬುಡದಿಂದ ನೆತ್ತಿಯವರೆಗೆ ಸವರಿ, ಕೆಂಪು ಮಣ್ಣು ಕಾಣುವಂತೆ ಮಾಡಿದ್ದರು. ಮನೆಗೆ ಹಿರಿಯರು ಬರುತ್ತಾರೆಂದರೆ ನಮ್ಮ ಕಡೆಯವರು ಮಾಡುವ ಮೊದಲ ಕೆಲಸವೇ ಅದು, ದರೆ ಸವರುವುದು. ಅವನು ಓಡಿ ಬಂದು ಅಕ್ಕನ ಕಾಲಿಗೆ ನಮಸ್ಕಾರ ಮಾಡಿದ.

"ಗಿಡ?" ಎಂದೆ.

ಅವನ ಮುಖ ಇಳಿದು ಹೋಯಿತು. "ನೀವು ಇಂಬಳದ ಸುದ್ದಿ ಹೇಳಿದ ಕೂಡ್ಲೆ ಶೆಟ್ಟಿಕೊಪ್ಪದಿಂದ ಹುಲ್ಲು ಹೊಡೆಯೋ ಮಿಷನ್ನಿನವನನ್ನ ಕರೆಸಿದೆ ಸಾರ್. ಆ ಘಮ್ಮೆನ್ನೋ ಗಿಡ ಒಂದು ಬಿಡು ಅಂತ ಹೇಳಿ, ಟೀಚರಿಗೆ ತಿಂಡಿಗೆ ಸಾಮಾನು ತರಲು ಪೇಟೆಗೆ ಹೋದೆ. ಅವನು ಮೂಲೇಲಿದ್ದ ಕರಿಬೇವು ಬಿಟ್ಟಿದ್ದಾನೆ. ಬೈದು ಎಂತ ಪ್ರಯೋಜನ? ಟೀಚರು ಬತ್ತಾರೆ, ಚೊಕ್ಕ ಮಾಡು ಅಂದವನು ನಾನೇ."

ಅವನಿಗೆ ಹಾಗೆ ಅಂದವನು ನಾನು. ಅದನ್ನು ಅವನು ಹೇಳಲಿಲ್ಲ, ಮರ್ಯಾದಸ್ಥ.

ಕೊಟ್ಟಿಗೆಯ ಹಿಂದೆ ಸವರಿದ ರಾಶಿ ಬಿದ್ದಿತ್ತು. ಕೆದಕಿದೆ. ನುಜ್ಜಾದ ಎಲೆಗಳ ನಡುವೆ ಏನೋ ಬೆರಳಿಗೆ ಲೋಳೆಯಾಗಿ ಹತ್ತಿತು, ಹಳದಿ ಮಿಶ್ರಿತ ಹಸಿರು. ಹೇಸಿಗೆಯಿಂದ ಕೈ ಕೊಡವಿದೆ, ಹೋಗಲಿಲ್ಲ. ಪಂಚೆಗೆ ಒರೆಸಿದೆ. ಹಳ್ಳದ ದಂಡೆಯ ಆ ಮೂವರು ನೆನಪಾದರು. ಅವರ ಡಬ್ಬಿಯ ಚಿಟ್ಟೆ ಎಷ್ಟಾದರೂ ಜೀವದಲ್ಲಿತ್ತು.

ಅಕ್ಕನ ಕೈಗೆ ಒಂದು ಎಲೆ ಸಿಕ್ಕಿತು. ಅದರಲ್ಲಿ ಅರ್ಧ ಕೋಶ ಉಳಿದಿತ್ತು. ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆಳಕಿನ ಕಡೆ ತಿರುಗಿ, ಬಹಳ ಹೊತ್ತು ನೋಡಿದಳು. ಒದ್ದೆ ಕಪ್ಪು ರೆಕ್ಕೆಯ ಮಡಿಕೆ, ಅದರಲ್ಲೊಂದು ಗೆರೆ.

"ಹಸಿರು," ಎಂದಳು.

ಅವನ ಹೆಂಡತಿ ಕಷಾಯ ತಂದುಕೊಟ್ಟಳು. ಲೋಟ ಹಿಡಿದರೆ ನನ್ನ ಬೆರಳು ನಾರುತ್ತಿತ್ತು, ಕುಡಿಯಲಾಗಲಿಲ್ಲ. ಅವನು ಕಂಬಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದ. ಅಕ್ಕ ಪೂರ್ತಿ ಕುಡಿದು ಲೋಟ ಕೆಳಗಿಟ್ಟು, ಸೀರೆಯ ಅಂಚು ಸ್ವಲ್ಪ ಎತ್ತಿ ಪಾದವನ್ನು ಅವನ ಕಡೆ ಚಾಚಿದಳು.

"ನೋಡು ಮಾರಾಯ," ಎಂದಳು, "ಒಂದು ಇಂಬಳವೂ ಹತ್ಲಿಲ್ಲ."