ಗಟ್ಟಿ ಬೂಟಿನ ಮಲ್ಲಿಕಾ

ಕಲಬುರಗಿ ಶಹಾಬಜಾರದ ಸೂಗಮ್ಮನ ಮಗಳು ಮಲ್ಲಿಕಾ ಏಳನೇ ವಯಸ್ಸಿನಲ್ಲಿ ತನ್ನ ಪೆನ್ಸಿಲ್ ಮುರಿದ ಹುಡುಗಿಯೊಂದಿಗೆ ಹತ್ತನೇ ತರಗತಿಯವರೆಗೂ ಮಾತಾಡಲಿಲ್ಲವಂತೆ. ಅದರಲ್ಲಿ ಮೂರು ವರ್ಷ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರಂತೆ, ಆದರೂ ಒಂದು ಮಾತಿಲ್ಲ. ಸೂಗಮ್ಮ ಇದನ್ನು ನನಗೆ ರೊಟ್ಟಿ ಬಡಿಯುತ್ತ, ಹೆಮ್ಮೆಯಿಂದಲೇ ಹೇಳಿದ್ದಳು. ನಾನು ಕೇಳಿ ನಕ್ಕಿದ್ದೆ. ನಗುವ ಮುಂಚೆ ಸ್ವಲ್ಪ ಯೋಚಿಸಬೇಕಿತ್ತು.

ನಾನು ಅಣವೀರಪ್ಪ, ಕಮಲಾಪುರದ ಕೆರೆಯಲ್ಲಿ ಕ್ಲಬ್ಬಿನ ಬೋಟು ನಡೆಸುವವನು. ಮೊದಲು ಟ್ರ್ಯಾಕ್ಟರ್ ನಡೆಸಿದೆ, ಆಮೇಲೆ ಟೆಂಪೋ, ಐವತ್ತು ದಾಟಿದ ಮೇಲೆ ಬೋಟು. ಬೋಟಿನ ಹಿಂದೆ ಹಗ್ಗ, ಹಗ್ಗದ ಕೊನೆಯಲ್ಲಿ ಒಂದು ಹಿಡಿಕೆ, ಅದನ್ನು ಹಿಡಿದು ಒಂದೇ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟ ಇದು. ಎರಡೂ ಪಾದ ಒಂದರ ಹಿಂದೊಂದು ಅದೇ ಹಲಗೆಗೆ ಬಿಗಿದಿರುತ್ತವೆ. ಕೆರೆಯಲ್ಲಿ ಆರು ಕೆಂಪು ಚೆಂಡುಗಳು ಆಚೆ ಮೂರು, ಈಚೆ ಮೂರು ತೇಲುತ್ತಿರುತ್ತವೆ. ಬೋಟು ನಡುವೆ ನೆಟ್ಟಗೆ ಹೋಗುತ್ತದೆ; ಹಿಂದಿನವರು ಎಡಕ್ಕೆ ಬಲಕ್ಕೆ ಹೊರಳುತ್ತ ಒಂದೊಂದೇ ಚೆಂಡನ್ನು ಹೊರಗಿನಿಂದ ಸುತ್ತಬೇಕು. ಆರು ಸುತ್ತಿದರೆ ಹಗ್ಗವನ್ನು ಗಿಡ್ಡ ಮಾಡುತ್ತಾರೆ. ಮತ್ತೆ ಸುತ್ತು.

ಮಲ್ಲಿಕಾ ಕಲಬುರಗಿಯಲ್ಲಿ ಐವಾನ್-ಎ-ಶಾಹಿ ಕಡೆಯ ಒಂದು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಕ್ಲಬ್ಬು ಶುರುವಾದಾಗ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ಫೋಟೋಕ್ಕೆ ಚೆನ್ನ ಎಂದು ಸೆಕ್ರೆಟರಿ ಹಣಮಂತರಾಯರು ಅವಳನ್ನು ಕರೆಸಿದರು. ಫೋಟೋಕ್ಕೆ ಬಂದವಳು ಎರಡು ವರ್ಷದಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಕ್ಯಾಪ್ಟನ್ ಆದಳು. ಎಲ್ಲರನ್ನೂ ಎಂದರೆ ಮುಖ್ಯವಾಗಿ ಅರುಣಕುಮಾರನನ್ನು. ಅವನು ಹಣಮಂತರಾಯರ ತಂಗಿಯ ಮಗ. ಸೋದರಮಾವ ಸೆಕ್ರೆಟರಿಯಾದರೆ ಕೆರೆಯೂ ತಾತನ ಆಸ್ತಿ ಅನ್ನಿಸುತ್ತದೆ ನೋಡಿ, ಹಾಗಿತ್ತು ಅವನ ನಡಿಗೆ.

ಒಂದೂವರೆ ವರ್ಷದ ಹಿಂದೆ ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. ಹಗ್ಗದ ತುದಿಯಲ್ಲಿರುವವರ ಕೂಗು ಮೋಟರಿನ ಸದ್ದಿನಲ್ಲಿ ಕೇಳುವುದಿಲ್ಲ. ಅದಕ್ಕೇ ಕೈಸನ್ನೆ. ಹೆಬ್ಬೆರಳು ಮೇಲೆ ಮಾಡಿದರೆ ವೇಗ ಹೆಚ್ಚಿಸು, ಕೆಳಗೆ ಮಾಡಿದರೆ ಕಡಿಮೆ ಮಾಡು. ಬೋಟಿನಲ್ಲಿ ಒಬ್ಬ ಹಿಂದಕ್ಕೆ ಮುಖಮಾಡಿ ಕೂತು ಆ ಸನ್ನೆ ನೋಡಿ ಡ್ರೈವರಿಗೆ ಹೇಳಬೇಕು. ಅವತ್ತು ಆ ಜಾಗದಲ್ಲಿ ಅರುಣಕುಮಾರ ಕೂತಿದ್ದ. ಗಾಳಿ ಎದ್ದು ನೀರು ಕುಲುಕುತ್ತಿತ್ತು. ಮಲ್ಲಿಕಾ ಹೆಬ್ಬೆರಳು ಕೆಳಗೆ ಮಾಡಿದಳು. ಅವನು "ಏರಿಸ್ರಿ, ಏರಿಸ್ರಿ ಅಂತಾಳ" ಎಂದ.

ಬೋಟಿನಲ್ಲಿ ನನ್ನ ಮುಂದೆ ಹಿಂದಿನದು ಕಾಣುವ ಒಂದು ಕನ್ನಡಿ ಇದೆ. ಅದರಲ್ಲಿ ಅವಳ ಕೈ ನನಗೂ ಕಂಡಿತ್ತು. ಕಂಡರೂ ನಾನು ಏರಿಸಿದೆ. ಸೆಕ್ರೆಟರಿಯ ಅಳಿಯ ಹೇಳಿದ್ದಾನೆ, ನಾನ್ಯಾಕೆ ಎದುರಾಡಲಿ ಎಂದು ವೇಗದ ಲಿವರ್ ಹಿಡಿದ ಕೈ ತಾನಾಗಿ ಮುಂದೆ ಹೋಯಿತು. ಅವಳು ಹಾರಿ ಬಿದ್ದಳು. ಹಳೆಯ ರಬ್ಬರ್ ಬೂಟಿನಿಂದ ಒಂದು ಪಾದ ಕಳಚಿತು, ಇನ್ನೊಂದು ಕಳಚಲಿಲ್ಲ. ಹಲಗೆ ತಿರುಗಿ ಆ ಹಿಮ್ಮಡಿಯ ಕೀಲನ್ನು ತಿರುಚಿತು, ನರ ಹರಿಯಿತು.

ಆಮೇಲೆ ಮೀಟಿಂಗು. ಅರುಣಕುಮಾರ ಹೆಬ್ಬೆರಳು ಮೇಲಿತ್ತು ಅಂದ. ಮಲ್ಲಿಕಾ ಕೆಳಗಿತ್ತು ಅಂದಳು. ಹಣಮಂತರಾಯರು ನನ್ನನ್ನು ಕೇಳಿದರು.

"ನಾ ಮುಂದ ನೋಡಾಕತ್ತಿದ್ದೆ ರೀ. ನಂಗೇನೂ ಗೊತ್ತಿಲ್ಲ" ಅಂದೆ.

ತಪ್ಪು ಸನ್ನೆ ಮಾಡಿ ತಾನೇ ಬಿದ್ದಳು, ಮೇಲಾಗಿ ಇನ್ನೊಬ್ಬರ ಮೇಲೆ ಸುಳ್ಳು ಹೊರಿಸಿದಳು ಎಂದು ರಿಜಿಸ್ಟರಿನಲ್ಲಿ ಬರೆದರು. ಅರುಣಕುಮಾರ ಕ್ಯಾಪ್ಟನ್ ಆದ. ಮಲ್ಲಿಕಾ ಊರುಗೋಲು ಹಿಡಿದು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

"ಕಾಲಿಗಾದದ್ದಕ್ಕ ನಂಗ ಸಿಟ್ಟಿಲ್ಲ. ನನ್ನ ಸುಳ್ಳಿ ಅಂತ ಬರದೀರಲ್ಲ, ಅದನ್ನ ಇದೇ ಕೆರಿ ದಂಡಿ ಮ್ಯಾಲ ನಿಮ್ಮ ಕೈಲಿಂದನೇ ಒರಸ್ತೀನಿ" ಅಂದಳು.

ಎಂಟು ತಿಂಗಳು ಅವಳು ನೀರಿಗೆ ಇಳಿಯಲಿಲ್ಲ. ಒಂಬತ್ತನೇ ತಿಂಗಳು ನಾನೇ ಅವಳ ಮನೆಗೆ ಹೋದೆ. ವಾರ್ಷಿಕ ಸ್ಪರ್ಧೆಗೆ ಹೆಸರು ಕೊಡು, ದಿನಾ ಬೆಳಿಗ್ಗೆ ಕ್ಲಬ್ಬಿನವರು ಬರುವ ಮುಂಚೆ ನಾನು ನಿನ್ನನ್ನು ಎಳೆಯುತ್ತೇನೆ ಅಂದೆ. ಪಾಪ ಮಾಡಿದವನ ಲೆಕ್ಕಾಚಾರ ಹೇಗಿರುತ್ತದೆ ಕೇಳಿ: ಅವಳು ನೀರಿನಲ್ಲೇ ಅವನನ್ನು ಸೋಲಿಸಿಬಿಟ್ಟರೆ ಸೇಡು ತೀರುತ್ತದೆ, ಆಗ ನಾನು ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ. ಅರುಣಕುಮಾರನ ಮೇಲೆ ನನಗೆ ಅವಳಿಗಿಂತ ಹೆಚ್ಚು ಸಿಟ್ಟಿತ್ತು. ನನ್ನನ್ನು ಹೇಡಿ ಮಾಡಿದವನು ಅವನೇ ಎಂದು ರಾತ್ರಿಹಗಲು ಅವನನ್ನು ಶಪಿಸುತ್ತಿದ್ದೆ.

ಮಲ್ಲಿಕಾ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಆಯ್ತು ಕಾಕಾ" ಅಂದಳು.

ಆ ಕೀಲಿಗೆ ಇನ್ನು ರಬ್ಬರ್ ಬೂಟು ನಡೆಯದು ಎಂದು ಡಾಕ್ಟರು ಹೇಳಿದ್ದರು. ಹೈದರಾಬಾದಿನಿಂದ ಗಟ್ಟಿ ಬೂಟು ತರಿಸಿದಳು. ನೋಡಲು ಚಕ್ರವಿಲ್ಲದ ಸ್ಕೇಟಿಂಗ್ ಬೂಟು. ಹೊರಗೆ ಕಲ್ಲಿನಂಥ ಪ್ಲಾಸ್ಟಿಕ್ ಚಿಪ್ಪು, ಒಳಗೆ ಮೆತ್ತನೆ ಅಸ್ತರು, ಮೀನಖಂಡದ ಅರ್ಧದವರೆಗೆ ಬಿಗಿಯುವ ಬಕಲ್ಲು. ಎರಡೂ ಬೂಟು ಒಂದೇ ತಗಡಿನ ಮೇಲೆ ಕೂತಿರುತ್ತವೆ. ಆ ತಗಡನ್ನು ಹಲಗೆಗೆ ಗಟ್ಟಿ ಅಂಟುಪಟ್ಟಿಯಿಂದ ಒತ್ತಿ ಕೂರಿಸಬೇಕು. ಜೋರಾಗಿ ಬಿದ್ದರೆ ತಗಡು ಕಿತ್ತು ಎರಡೂ ಕಾಲು ಒಟ್ಟಿಗೇ ಹೊರಬರುತ್ತವೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಎಂಬ ಪಂಚಾಯಿತಿಯೇ ಇಲ್ಲ.

ಮೊದಲ ದಿನ ಬೂಟು ಅವಳ ಕಾಲನ್ನು ಕಚ್ಚಿ ಕೆಂಪು ಮಾಡಿತು. ಮನೆಯಲ್ಲಿ ಸೂಗಮ್ಮ ಅದನ್ನು ನೋಡಿದಳು. ನಮ್ಮ ಕಡೆ ಹೊಸ ಚಪ್ಪಲಿ ಕಚ್ಚಿದರೆ ಔಡಲೆಣ್ಣೆ ಹಚ್ಚಿ ಬಿಸಿಲಿಗಿಟ್ಟು ಪಳಗಿಸುತ್ತಾರೆ. ಸೂಗಮ್ಮನೂ ಮಗಳು ಈಜುಕೊಳಕ್ಕೆ ಹೋದಾಗ ಬೂಟಿನ ಒಳಗೆ, ಹೊರಗೆ, ತಗಡಿನ ಕೆಳಗಿನ ಅಂಟುಪಟ್ಟಿಗೆ ಸಹ ಎಣ್ಣೆ ತಿಕ್ಕಿ ಮಾಳಿಗೆಯ ಮೇಲೆ ಇಟ್ಟಳು. ತಾಯಿಯ ಪ್ರೀತಿ, ಏನು ಅನ್ನೋಣ.

ಮರುದಿನ ಕ್ಲಬ್ಬಿನವರು ಬೇಗ ಬಂದಿದ್ದರು. ನಾನು ಬೋಟು ಹೊರಡಿಸಿದ್ದೇ ತಡ, ಹಲಗೆ ಒಂದು ಕಡೆ, ಬೂಟು ಸಮೇತ ಮಲ್ಲಿಕಾ ಇನ್ನೊಂದು ಕಡೆ. ಅವಳ ಸುತ್ತ ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ಹರಡಿತು. ದಂಡೆಯಲ್ಲಿ ಅರುಣಕುಮಾರ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ್ ಅಕ್ಕೋರೇ, ಬೂಟಿಗೂ ಒಗ್ಗರಣಿ ಹಾಕೀರೇನು? ಅಂಟಂಗಿಲ್ಲ ಬಿಡ್ರಿ, ನಿಮ್ಮ ಮಾತಿನಂಗ!"

ಮಲ್ಲಿಕಾ ಹಲಗೆ ಹಿಡಿದುಕೊಂಡು ಈಜಿ ದಂಡೆಗೆ ಬಂದಳು. ಮನೆಗೆ ಹೋಗಿ ಪಾತ್ರೆ ತೊಳೆಯುವ ಸೋಪಿನಲ್ಲಿ ಮೂರು ಸಲ ತೊಳೆದಳು. ಅವ್ವನ ಮೇಲೆ ಕೂಗಲಿಲ್ಲ. "ಅವ್ವಾ, ಇದು ತೊಗಲಲ್ಲ, ಪಳಗೂದಿಲ್ಲ. ನಾನೇ ಪಳಗಬೇಕು" ಅಂದಳಂತೆ.

ಪಳಗುವುದು ಸುಲಭವಿರಲಿಲ್ಲ. ನೀರಿನಿಂದ ಮೇಲೇಳುವುದೇ ಒಂದು ಯುದ್ಧವಾಯಿತು. ರಬ್ಬರ್ ಬೂಟಿನಲ್ಲಿ ಪಾದ ಬಾಗಿಸಿ ಹಲಗೆಯ ಮೂತಿ ಎತ್ತುತ್ತಿದ್ದವಳಿಗೆ ಇಲ್ಲಿ ಪಾದ ಬಾಗುವುದೇ ಇಲ್ಲ. ಹತ್ತು ದಿನ ಕೆರೆಯ ನೀರು ಕುಡಿದಳು. ಎದ್ದ ಮೇಲೆ ಇನ್ನೊಂದು ಪೀಕಲಾಟ. ಹೊರಳಬೇಕು ಅಂದುಕೊಳ್ಳುವಷ್ಟರಲ್ಲಿ ಹಲಗೆ ಹೊರಳಿ ಆಗಿರುತ್ತಿತ್ತು, ಇವಳು ಚೆಂಡಿನ ಒಳಗೇ ಬಿದ್ದಿರುತ್ತಿದ್ದಳು. ಒಂದು ದಿನ ದಂಡೆಗೆ ಬಂದು ಬೂಟನ್ನು ಗುದ್ದಿ ಅತ್ತಳು.

"ಇದು ನನ್ನ ಮಾತು ಕೇಳೂದಿಲ್ಲ ಕಾಕಾ."

"ಭಾಳ ಕೇಳ್ತದ, ಅದೇ ತ್ರಾಸು" ಅಂದೆ ನಾನು. "ಹಳೇ ಟ್ರ್ಯಾಕ್ಟರಿನ ಸ್ಟೇರಿಂಗ್ ಅರ್ಧ ಸುತ್ತು ಸಡ್ಲ ಇರ್ತದ. ಅದನ್ನ ನಡಸಿದವ ಹೊಸಾ ಕಾರು ಹಿಡದ್ರ ಗ್ವಾಡಿಗೆ ಹೊಡೀತಾನ. ನಿನ್ನ ರಬ್ಬರ್ ಬೂಟಿನಾಗ ಆ ಸಡ್ಲಿತ್ತು. ಇದರಾಗ ಇಲ್ಲ. ಅರ್ಧ ತಿರಿವಿದ್ರ ಸಾಕು."

ಅವಳು ಕಣ್ಣೊರೆಸಿಕೊಂಡು ಕೇಳಿದಳು. ಮುಂದಿನ ಬೂಟಿನ ಮೇಲಿನ ಬಕಲ್ಲನ್ನು ಒಂದು ಮನೆ ಸಡಿಲಿಸಿದೆವು, ಕಾಲು ಮುಂದಕ್ಕೆ ಸ್ವಲ್ಪ ಬಾಗಲಿ ಎಂದು. ತಗಡನ್ನು ಹಲಗೆಯ ಮೇಲೆ ಒಂದು ಬೆರಳು ಹಿಂದೆ ಸರಿಸಿ ಅಂಟಿಸಿದೆವು. ಹಿಮ್ಮಡಿಯಿಂದ ಮಾಡುತ್ತಿದ್ದ ಕೆಲಸವನ್ನೆಲ್ಲ ಮೊಣಕಾಲು, ಸೊಂಟಕ್ಕೆ ಒಪ್ಪಿಸಲು ಕಲಿತಳು. ಏಳುವಾಗ ಮೊಣಕಾಲನ್ನು ಎದೆಗೆ ಒತ್ತಿ, ಅವಸರ ಮಾಡದೆ, ಬೋಟು ಎಳೆದುಕೊಳ್ಳುವವರೆಗೆ ಕಾಯುವುದು ಕಲಿತಳು. ಈ ಹುಡುಗಿಗೆ ಕಾಯುವುದನ್ನು ನಾನೇನು ಕಲಿಸಲಿ? ಮೂರನೇ ತಿಂಗಳು ಆರೂ ಚೆಂಡು ಸುತ್ತಿದಳು. ನಾಲ್ಕನೇ ತಿಂಗಳು ಗಿಡ್ಡ ಹಗ್ಗದಲ್ಲೂ ಐದು.

ಪ್ರತಿ ಬೆಳಿಗ್ಗೆ ಅವಳು ನೀರಿನಿಂದ ಬಂದು ಕೂತರೆ ನಾನು ಬಕಲ್ಲು ಬಿಚ್ಚಿ ಬೂಟು ಎಳೆದು ಕೊಡುತ್ತಿದ್ದೆ. ನೀರು ತುಂಬಿದ ಗಟ್ಟಿ ಬೂಟು ಒಬ್ಬರಿಂದ ಸುಲಭಕ್ಕೆ ಬರುವುದಿಲ್ಲ. ಆಗ ಅವಳು ಒಂದು ಮಾತು ಕೇಳುತ್ತಿದ್ದಳು: "ಮತ್ತೇನರ ಹೇಳೂದದ ಏನು ಕಾಕಾ?" ನಾನು ಹೊರಳುವುದರ ಬಗ್ಗೆ, ಮೊಣಕಾಲಿನ ಬಗ್ಗೆ ಏನಾದರೂ ಹೇಳುತ್ತಿದ್ದೆ. ಅವಳು "ಹೂಂ" ಅನ್ನುತ್ತಿದ್ದಳು.

ಸ್ಪರ್ಧೆಯ ದಿನ ಕಲಬುರಗಿಯಿಂದ ನೂರಾರು ಜನ ಬಂದರು. ಹಣಮಂತರಾಯರೇ ಬೋಟಿನಲ್ಲಿ ಹಿಂದೆ ಮುಖಮಾಡಿ ಕೂತು ಎಣಿಸುವವರು. ಮೊದಲು ಅರುಣಕುಮಾರ. ಉದ್ದ ಹಗ್ಗದಲ್ಲಿ ಆರು ಸುತ್ತಿದ. ಗಿಡ್ಡ ಹಗ್ಗದಲ್ಲಿ ಅವನು ಮೂರನೇ ಚೆಂಡು ಸುತ್ತುವಾಗ ನನ್ನ ಕೈ ವೇಗದ ಲಿವರಿನ ಮೇಲಿತ್ತು. ಅದನ್ನು ಒಂದೇ ಬೆರಳಿನಷ್ಟು ಮುಂದೆ ಒತ್ತಿದರೆ ಇವನೂ ಹಾರಿ ಬೀಳುತ್ತಾನೆ, ಇವನ ಕೀಲೂ ಮುರಿಯಲಿ, ಇವನೂ ಎಂಟು ತಿಂಗಳು ಕುಂಟಲಿ. ಖಂಡಿತ ಒತ್ತುತ್ತಿದ್ದೆ. ಆದರೆ ಮಲ್ಲಿಕಾ ಬೆಳಿಗ್ಗೆಯೇ ಹೇಳಿದ್ದಳು, "ಅವನಿಗೆ ಎಷ್ಟು ವೇಗನೋ ನನಗೂ ಅಷ್ಟೇ. ಕೂದಲೆಳಿ ಹೆಚ್ಚು ಕಮ್ಮಿ ಆದ್ರ ನಿಮ್ಮನ್ನ ಬಿಡಂಗಿಲ್ಲ." ಅವನು ತಾನಾಗಿಯೇ ನಾಲ್ಕರ ನಂತರ ಬಿದ್ದ.

ಮಲ್ಲಿಕಾ ಉದ್ದ ಹಗ್ಗದಲ್ಲಿ ಆರು, ಗಿಡ್ಡ ಹಗ್ಗದಲ್ಲೂ ಆರು ಸುತ್ತಿದಳು. ಕೊನೆಯ ಚೆಂಡಿನಲ್ಲಿ ಅವಳ ಭುಜ ನೀರಿಗೆ ತಾಗುವಷ್ಟು ಬಾಗಿತ್ತು. ಹಣಮಂತರಾಯರು ಆರು ಅನ್ನಲು ಎರಡು ಸಲ ಗಂಟಲು ಸರಿಮಾಡಿಕೊಂಡರು. ನಾನು ಸ್ಟೇರಿಂಗ್ ಬಡಿದು ಕೂಗಿದೆ. ತೀರಿತು, ಋಣ ಹರಿಯಿತು ಅಂದುಕೊಂಡೆ.

ಬೂಟನ್ನೂ ಬಿಚ್ಚದೆ ದಂಡೆಯ ಕಟ್ಟೆಯ ಮೇಲೆ ಕೂತಿದ್ದ ಮಲ್ಲಿಕಾಳಿಗೆ ಅಲ್ಲೇ ಬಹುಮಾನ ಕೊಡುವಾಗ ಅರುಣಕುಮಾರ ಕೈ ಚಾಚಿ, "ಆಗಿದ್ದು ಆಗಿ ಹೋತು, ಮರ್ತುಬಿಡ್ರಿ" ಅಂದ. ಮಲ್ಲಿಕಾ ಕೈ ಮುಟ್ಟಲಿಲ್ಲ. ಕಪ್ಪನ್ನು ಕೆಳಗಿಟ್ಟು ಮೈಕು ತೆಗೆದುಕೊಂಡಳು.

"ಅಣವೀರಪ್ಪ ಕಾಕಾ, ಬರ್ರಿ ಇಲ್ಲಿ. ಹೋದ ವರ್ಷ ನಾ ಬಿದ್ದಾಗ ನನ್ನ ಹೆಬ್ಬೆರಳು ಮ್ಯಾಲಿತ್ತೋ ಕೆಳಗಿತ್ತೋ, ಎಲ್ಲಾರಿಗೂ ಹೇಳ್ರಿ."

ನಾನು ಹೋಗಿ ನಿಂತೆ. ಮೈಕು ನನ್ನ ಬಾಯಿಯ ಮುಂದೆ ಬಂತು. ಸುಳ್ಳು ಹೇಳಲು ಬಾಯಿ ತೆರೆದೆ, ನಿಜವಾಗಿ ತೆರೆದೆ. ಆದರೆ ಅವಳ ಕಣ್ಣು ನೋಡಿ ಆಗಲಿಲ್ಲ.

"ಕೆಳಗಿತ್ತು" ಅಂದೆ. "ನಾ ಕನ್ನಡಿಯಾಗ ನೋಡಿದ್ದೆ."

ಅರುಣಕುಮಾರ ಮಾವನ ಮುಖ ನೋಡಿದ, ಮಾವ ನೆಲ ನೋಡಿದರು. ಆಮೇಲೆ ಜನ ಗುಲ್ಲೆಬ್ಬಿಸಿದರು. ರಿಜಿಸ್ಟರು ತರಿಸಿದರು. ಹಣಮಂತರಾಯರು ತಮ್ಮ ಕೈಯಿಂದಲೇ ಆ ಪುಟದ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು. ಅಳಿಯ ಜನರ ನಡುವೆ ದಾರಿ ಮಾಡಿಕೊಂಡು, ಬೈಗುಳ ತಿನ್ನುತ್ತ ತನ್ನ ಕಾರಿಗೆ ಹೋದ. ನನಗೆ ತುಂಬಾ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಹಣಮಂತರಾಯರ ಸಿಟ್ಟು ನನ್ನ ಕಡೆ ತಿರುಗಿತು. "ಈ ಮನಷ್ಯಾನ್ನ ಇವತ್ತೇ ಕೆಲಸದಿಂದ ತೆಗೀರಿ" ಅಂದರು.

"ತೆಗೀಬ್ಯಾಡ್ರಿ" ಅಂದಳು ಮಲ್ಲಿಕಾ. "ಆ ನೌಕರಿ ಸಲುವಾಗೇ ಅವರು ಸುಮ್ಮನಿದ್ರು. ಅದು ಅವರ ಕಡಿನೇ ಇರಲಿ."

ಅವಳು ನನ್ನನ್ನು ಕಾಪಾಡಿದಳು ಎಂದೇ ನಾನು ತಿಳಿದೆ. ಜನ ಚದುರಿದ ಮೇಲೂ ಅವಳು ಅದೇ ಕಟ್ಟೆಯ ಮೇಲೆ ಕೂತಿದ್ದಳು, ಬೂಟು ಇನ್ನೂ ಕಾಲಲ್ಲೇ ಇತ್ತು. ನಾನು ಎಂದಿನಂತೆ ಹೋಗಿ ಬಕಲ್ಲಿಗೆ ಕೈ ಹಾಕಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ್ರಿ. ನಾನೇ ತಗೀತೀನಿ."

"ನಿನಗ ಯಾವಾಗಿಂದ ಗೊತ್ತಿತ್ತು ಯವ್ವಾ?"

"ಬಿದ್ದ ದಿನದಿಂದ. ಆಂವ 'ಬಿದ್ದಳು' ಅಂತ ಒದರೂಕಿಂತ ಮೊದಲೇ ನೀವು ಬೋಟ್ ಹೊಳ್ಳಿಸಿದ್ರಿ. ನೋಡದೇ ಹೆಂಗ ಹೊಳ್ಳಸ್ತೀರಿ?"

"ಮತ್ತ ನಾಲ್ಕು ತಿಂಗಳು ನನ್ನ ಬೋಟಿನ ಹಿಂದೇ…"

"ಮತ್ತೇನರ ಹೇಳೂದದ ಏನು ಅಂತ ದಿನಾ ಕೇಳಿದೆನಲ್ಲ. ಒಂದು ದಿನ ಹೇಳ್ತೀರಿ ಅಂತ ಕಾದೆ" ಅಂದಳು. "ಅರುಣ ನಂಗ ವೈರಿ, ವೈರಿ ಅಂದ್ರ ಹಂಗೇ ಮಾಡ್ತಾನ. ನಾ ನಿಮಗ ಕಾಕಾ ಅಂತಿದ್ದೆ."

ಬೂಟು ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಎರಡು ಸಲ ಕೈ ಜಾರಿತು. ನಾನು ಎದುರಿಗೇ ನಿಂತಿದ್ದೆ, ಅವಳು ತಲೆ ಎತ್ತಲಿಲ್ಲ.

ಇದಾಗಿ ಆರು ತಿಂಗಳಾಯಿತು. ಮಲ್ಲಿಕಾ ಮತ್ತೆ ಕ್ಯಾಪ್ಟನ್. ಪ್ರತಿ ಭಾನುವಾರ ಕಮಲಾಪುರಕ್ಕೆ ಬರುತ್ತಾಳೆ, ಆ ಬೂಟಿನಲ್ಲಿ ಈಗ ಅವಳನ್ನು ನೋಡಲೆಂದೇ ಜನ ಸೇರುತ್ತಾರೆ. ಅವಳು ನೀರಿಗೆ ಇಳಿಯುವಾಗ ಬೇರೆ ಡ್ರೈವರು ಬೋಟು ಹತ್ತುತ್ತಾನೆ, ನಾನು ಇಳಿದು ದಂಡೆಯ ಮೇಲೆ ನಿಲ್ಲುತ್ತೇನೆ. ನಮಸ್ಕಾರ ಮಾಡಿದರೆ ನನ್ನ ಪಕ್ಕದಿಂದ ಹಾದುಹೋಗುತ್ತಾಳೆ. ನೌಕರಿ ಮಾತ್ರ ಹೋಗಿಲ್ಲ. ಒಂದನೇ ತಾರೀಖು ಪಗಾರ ಬರುತ್ತದೆ, ತೆಗೆದುಕೊಳ್ಳುತ್ತೇನೆ.