ಪಾದಗಟ್ಟೆಗೆ ಒಯ್ದ ಸೀರೆ

ಮಳೆಗಾಲ ಹಿಡಿಯುವ ಮುನ್ನ ಒಂದು ನಸುಕಿನಲ್ಲಿ ರಬಕವಿಯಿಂದ ಒಬ್ಬಳೇ ಹೊರಟೆ. ಊರೂರು ತಿರುಗಿ ಸೀರೆ ಮಾರುವುದು ನನ್ನ ಕಸುಬು, ಬೈಕು ಹೊಡೆಯುವುದು ಹೊಸದಲ್ಲ. ಆದರೆ ಅವತ್ತು ಹಿಂದಿನ ಸೀಟಿಗೆ ಕಟ್ಟಿದ್ದು ಒಂದೇ ಸೀರೆ, ಅದೂ ಮಾರುವುದಲ್ಲ. ಕಾಲಿನ ಶಕ್ತಿ ಹೋಗುವ ಮೊದಲು ಅವ್ವ ತನ್ನ ಮಗ್ಗದಲ್ಲಿ ನೇಯ್ದ ಕಟ್ಟಕಡೆಯ ಸೀರೆ. ಹಸಿರು ಮೈ, ಕೆಂಪು ಸೆರಗು. ಬೀಳಗಿ ತಾಲೂಕಿನ ಅವಳ ತವರೂರಿನ ಗ್ರಾಮದೇವಿ ದ್ಯಾಮವ್ವನಿಗೆ ಅದು ಮುಟ್ಟಬೇಕಿತ್ತು.

ಆ ಊರು ಈಗಿಲ್ಲ. ಆಲಮಟ್ಟಿಯ ಹಿನ್ನೀರು ಬಂದಾಗ ಜನ ಎದ್ದು ಹೋದರು, ದೇವಿಯ ಮೂರ್ತಿಯನ್ನೂ ಹೊಸ ಊರಿಗೆ ಒಯ್ದರು. ಊರ ಅಗಸಿ ಬಾಗಿಲ ಮುಂದೆ ದೇವಿಯೆಂದೇ ಪೂಜಿಸುವ ಪಾದಗಟ್ಟೆಯ ಕಲ್ಲು ಮಾತ್ರ ಅಲ್ಲೇ ಉಳಿಯಿತು. ಮದುವೆಯಾಗಿ ಹೊರಡುವ ಮಗಳಿಗೆ ಆ ಕಲ್ಲಿನ ಮುಂದೆ ಉಡಿ ತುಂಬಿ ಕಳಿಸುವುದು, ಮುಂದೊಂದು ದಿನ ಅವಳು ಬಂದು ಅದೇ ಕಲ್ಲಿಗೆ ಸೀರೆ ಉಡಿಸಿ ದೇವಿಯ ಉಡಿ ತುಂಬುವುದು ಆ ಊರಿನ ಪದ್ಧತಿ. ಅವ್ವ ಹೋಗ್ತೀನಿ ಹೋಗ್ತೀನಿ ಅನ್ನುವುದರೊಳಗೆ ಅಪ್ಪ ತೀರಿಕೊಂಡ. ಗಂಡ ಸತ್ತವಳು ಉಡಿ ತುಂಬಬಾರದು ಎಂದುಕೊಂಡು ಅವಳು ಮತ್ತೆ ಆ ಕಡೆ ಮುಖ ಹಾಕಲಿಲ್ಲ.

ಕಲ್ಲು ನೀರಿನಿಂದ ಮೇಲೇಳುವುದು ಬೇಸಿಗೆಯ ಕೊನೆಗಷ್ಟೇ. “ಈ ಸಲ ತಪ್ಪಿದ್ರ ಮುಂದಿನ ಸಲಕ್ಕ ನಾ ಇರೂದಿಲ್ಲ,” ಅಂದಳು ಅವ್ವ. “ನಾ ಲಗ್ನಾಗಿ ಬಂಡ್ಯಾಗ ಬಂದ ಹಾದೀಲೇ ಒಯ್ಯಿ. ಡಾಂಬರ ಹಾದಿ ಬ್ಯಾಡ.”

“ಯವ್ವಾ, ಆ ಹಾದಿ ಈಗ ಎಲ್ಲೈತಿ?”

“ಕೇಳಕೋತ ಹೋಗು. ಬಾಯಿಲ್ಲೇನ ನಿನಗ?”

ಬಾಯಿಗೇನು ಕಡಿಮೆ? ಕೇಳುತ್ತಲೇ ಹೋದೆ. ಹೊಲದ ಬದು, ಬಂಡಿ ಜಾಡು, ಹಳ್ಳದ ಉಸುಕು. ಒಬ್ಬ ಎಡಕ್ಕೆ ಅಂದರೆ ಇನ್ನೊಬ್ಬ ಬಲಕ್ಕೆ ಅಂದ. ರನ್ನ ಬೆಳಗಲಿಯಲ್ಲಿ ಮಿರ್ಚಿ ಭಜಿ ತಿಂದು ಚಹಾ ಕುಡಿಯುವಾಗಲೇ ಬಿಸಿಲು ನೆತ್ತಿ ಸುಡುತ್ತಿತ್ತು.

ಅಲ್ಲಿಂದ ಸ್ವಲ್ಪ ದೂರಕ್ಕೆ ಎರೆಹೊಲ. ಹಸಿ ಮಣ್ಣಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾದ ಜಾಡು ಒಣಗಿ ಕಲ್ಲಾಗಿತ್ತು. ಮುಂದಿನ ಗಾಲಿ ಅದರಲ್ಲಿ ಸಿಕ್ಕಿ, ನಾನು ಎಡ ಹೆಗಲ ಮೇಲೆ ಬಿದ್ದೆ. ಏನೋ ಲಟಕ್ಕೆಂದದ್ದು ನನಗೇ ಕೇಳಿಸಿತು. ಮೊದಲು ತೆವಳಿ ಹೋಗಿ ಸೀರೆ ನೋಡಿದೆ, ಅದಕ್ಕೇನೂ ಆಗಿರಲಿಲ್ಲ. ಆಮೇಲೆ ಜೋರಾಗಿ ಅತ್ತೆ. ಹೊಲದಲ್ಲಿದ್ದವರು ಓಡಿ ಬಂದು ಬೈಕು ಎತ್ತಿ ಅಲ್ಲೇ ಬದುವಿನ ಮೇಲೆ ನಿಲ್ಲಿಸಿ, ನನ್ನನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಮುಧೋಳಕ್ಕೆ ಮುಟ್ಟಿಸಿದರು.

“ಎಡಗಡೆ ಕಾಲರ್ ಬೋನ್ ಮುರದೈತ್ರಿ,” ಅಂದರು ಮುಧೋಳದ ಡಾಕ್ಟರು. “ಬಸ್ ಹತ್ತಿ ಮನಿಗೆ ಹೋಗ್ರಿ.”

“ಹೂಂರಿ,” ಅಂದೆ. ರಾತ್ರಿ ಲಾಡ್ಜಿನಲ್ಲಿ ಕಳೆದು, ಬೆಳಿಗ್ಗೆ ಗುಳಿಗೆ ನುಂಗಿ, ಬಿದ್ದ ಜಾಗಕ್ಕೇ ಆಟೋದಲ್ಲಿ ವಾಪಸ್ಸು ಹೋಗಿ ಬೈಕು ಹತ್ತಿದೆ. ಗಂಡ ಫೋನಿನಲ್ಲಿ ಬೈದ. ಬೈಯಲಿ, ತಪ್ಪೇನಿಲ್ಲ. ಆದರೆ ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು, ಮೇಲಿನಿಂದ ಹೊಳೆ ಬಂದರೆ ಕಲ್ಲು ಮುಳುಗುತ್ತಿತ್ತು.

ಕ್ಲಚ್ ಒತ್ತಿದಾಗಲೆಲ್ಲ ಹೆಗಲಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಗೇರು ಬದಲಿಸುವ ಗೋಜಿಗೇ ಹೋಗದೆ ನಿಧಾನಕ್ಕೆ ಸಾಗಿದೆ. ಹಳ್ಳ ಬಂದಲ್ಲೆಲ್ಲ ಇಳಿದು, ಸಿಕ್ಕವರ ಕೈಕಾಲು ಹಿಡಿದು ಬೈಕು ನೂಕಿಸಿಕೊಂಡೆ. ಬೀಳಗಿ ದಾಟಿ ಹಿನ್ನೀರಿನ ಅಂಚಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ನೀರು ಸರಿದ ನೆಲದಲ್ಲಿ ಬಿರುಕು ಬಿಟ್ಟ ಕೆಸರು, ಎಳೆ ಹುಲ್ಲು, ಮೇಯುವ ಕುರಿಗಳು. ಸೊಂಟದೆತ್ತರದ ಒಂಟಿ ಕಲ್ಲು ಕಂಡಾಗ ಬೈಕಿನ ಮೇಲೇ ಬಿಕ್ಕಿದೆ.

ಕುರಿ ಕಾಯುತ್ತಿದ್ದ ಹೆಂಗಸು ಓಡಿ ಬಂದಳು. ಹೆಸರು ಬೀರವ್ವ, ಮುಳುಗಿದ ಅದೇ ಊರಿನವಳು. ಕೊಡದಲ್ಲಿ ನೀರು ತಂದು ಕಲ್ಲು ತೊಳೆದಳು. ನಾನು ಸೀರೆಯ ಗಂಟು ಬಿಚ್ಚಿದೆ, ಎಡಗೈ ಮೇಲೇಳಲಿಲ್ಲ. ಒಂದು ಕೈಯಲ್ಲಿ ನಿರಿಗೆ ಹಿಡಿದರೆ ಸೆರಗು ಜಾರುತ್ತಿತ್ತು.

“ಹಿಡೀವಾ, ನೀನ ಉಡಸು,” ಅಂದೆ.

ಅವಳು ಹಿಂದೆ ಸರಿದಳು. “ನಾ ಮುಟ್ಟಂಗಿಲ್ರೀ ಅಕ್ಕಾರ. ಗಂಡಿಲ್ಲ ನನಗ.”

ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. “ಈ ಸೀರಿ ನೇದಾಕಿಗೂ ಗಂಡಿಲ್ಲ. ಆಕಿ ಈ ಊರ ಮಗಳು. ನೀ ಮುಟ್ಟಲಿಲ್ಲಂದ್ರ ಇದನ್ನ ಹೊಳ್ಳಿ ಒಯ್ಯಬೇಕು.”

ಬೀರವ್ವ ಕಲ್ಲಿಗೆ ಕೈ ಮುಗಿದಳು. ಆಮೇಲೆ ಕೈ ತೊಳೆದುಕೊಂಡು ಬಂದು ಒಂದೊಂದೇ ನಿರಿಗೆ ಹಿಡಿದು ಉಡಿಸಿದಳು. ಗಂಟಿನಲ್ಲಿದ್ದ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲನ್ನು ಉಡಿಗೆ ಅವಳೇ ಹಾಕಿದಳು. ಗಂಡ ಸತ್ತ ಮೇಲೆ ಇದೇ ಮೊದಲು ಅಂದಳು.

ಮರುದಿನ ಟೆಂಪೊದಲ್ಲಿ ಬೈಕು ಹೇರಿಸಿಕೊಂಡು ಜಮಖಂಡಿ ಮೇಲೆ ಹಾಯ್ದು ಮನೆಗೆ ಬಂದೆ. ಅವ್ವ ನನ್ನ ಹೆಗಲು ನೋಡಿ ಅತ್ತಳು. ನಂತರ ಕೇಳಿದಳು: “ಈ ಕೈಲೆ ಹೆಂಗ ಉಡಸಿದಿ?”

“ನಾ ಉಡಸಲಿಲ್ಲ. ಬೀರವ್ವ ಅಂತ ನಿಮ್ಮೂರಾಕಿನ ಉಡಸಿದ್ಳು, ಉಡೀನೂ ತುಂಬಿದ್ಳು. ಆಕಿಗೂ ಗಂಡಿಲ್ಲ.”

ಅವ್ವ ಬೈಯುತ್ತಾಳೆ ಅಂದುಕೊಂಡೆ.

“ದ್ಯಾಮವ್ವ ಉಟ್ಕೊಂಡ್ಳಾ?”

“ಉಟ್ಕೊಂಡ್ಳು. ಛಲೋ ಕಾಣತಿದ್ಳು.”

ಅವ್ವ ತನ್ನ ಸೋತ ಕಾಲುಗಳ ಮೇಲೆ ಮೆಲ್ಲಗೆ ಕೈಯಾಡಿಸಿದಳು.

“ಹಂಗಾದ್ರ,” ಅಂದಳು, “ನಾನೂ ಹೋಗಬಹುದಿತ್ತಲ್ಲಬೇ.”